ಎಡಗೈಗೊಂದು ಚೆಂಡು

ಮಾರ್ಚ್ 3

ತಂಗಿ ಬಂದಿದಾಳೆ. ಬಲಗೈಗೆ ಬೆರಳ ಬುಡದಿಂದ ಮೊಣಕೈವರೆಗೆ ಪ್ಲಾಸ್ಟರ್. ಅವಳ ಗಂಡ, ಆ ಟೈಲ್ಸ್ ಅಂಗಡಿಯ ಮಹಾನುಭಾವ, ಅವಳ ಕೈಯನ್ನ ಮೇಜಿನ ಡ್ರಾಯರಿನೊಳಗೆ ಹಿಡಿದು ಕಾಲಿನಿಂದ ಒದ್ದು ಮುಚ್ಚಿದಾನೆ. ಒಂದು ಸಲಕ್ಕೆ ಸಮಾಧಾನ ಆಗಲಿಲ್ಲವಂತೆ, ತೆಗೆದು ಮತ್ತೆ ಮುಚ್ಚಿದಾನೆ. ಮಣಿಕಟ್ಟಿನ ಮೂಳೆ ಚೂರುಚೂರು. ಇಷ್ಟಕ್ಕೆಲ್ಲ ಕಾರಣ ಏನು ಅಂದರೆ, ಅವಳು ಅವನನ್ನ ಕೇಳದೆ ಒಂದು ಕೆಲಸಕ್ಕೆ ಅರ್ಜಿ ಹಾಕಿದ್ದಳು.

ಮೂಳೆ ಡಾಕ್ಟ್ರಮ್ಮ ಏನಾಯ್ತು ಅಂತ ಕೇಳಿದ್ದಕ್ಕೆ "ಮೆಟ್ಟಿಲಿಂದ ಬಿದ್ದೆ" ಅಂದಳಂತೆ. ಡ್ರಾಯರಿನ ಕತೆಗಿಂತ ಇದನ್ನ ಕೇಳಿ ನನಗೆ ಜಾಸ್ತಿ ಉರೀತು. ನಿಜ ಹೇಳೋಕೆ ಏನು ಧಾಡಿ ನಿನಗೆ ಅಂದೆ. "ಅವರು ಪಕ್ಕದಲ್ಲೇ ನಿಂತಿದ್ರಲ್ಲ ಅಕ್ಕ" ಅಂದಳು. ನಾನು ನೀರಿನ ಲೋಟ ಮೇಜಿನ ಮೇಲೆ ಸ್ವಲ್ಪ ಜೋರಾಗಿ ಇಟ್ಟೆ, ಅಷ್ಟೇ, ಅವಳ ಪ್ಲಾಸ್ಟರ್ ಕೈ ತಾನಾಗೇ ಮೇಲೆದ್ದು ಮುಖಕ್ಕೆ ಅಡ್ಡ ಬಂತು. ಹೊಡೆತ ತಿಂದೂ ತಿಂದೂ ಅಭ್ಯಾಸ ಆಗಿಹೋಗಿದೆ. ಆ ಗಳಿಗೇಲಿ ಅವನು ಎದುರಿಗಿದ್ದಿದ್ದರೆ ಕುತ್ತಿಗೆ ಮುರಿದು ಅವನ ಕೈಗೇ ಕೊಡ್ತಿದ್ದೆ.

ಕೋಪ ಬಂದಾಗ ಬರಿ, ಪಾತ್ರೆಗಳಾದ್ರೂ ಉಳೀತಾವೆ ಅಂತ ಅಮ್ಮ ಹೇಳ್ತಿದ್ದಳು. ಅದಕ್ಕೆ ಬರೀತಿದೀನಿ. ಇದನ್ನ ಬೇರೆ ಯಾರೂ ಓದಬೇಕಾಗಿಲ್ಲ.

ಮಾರ್ಚ್ 5

ಆ ಕೆಲಸದ ವಿಷಯ ಇವತ್ತು ಪೂರ್ತಿ ಬಾಯಿಬಿಟ್ಟಳು. ಬೇರೆ ಊರಲ್ಲಿ ಹಳೇ ಕಂಪ್ಯೂಟರುಗಳ ಒಂದು ಮ್ಯೂಸಿಯಂ ಇದೆ. ಕೀಬೋರ್ಡಿನೊಳಗೇ ಇಡೀ ಯಂತ್ರ ಅಡಗಿರುತ್ತಿತ್ತಲ್ಲ, ಮನೆಯ ಟಿವಿಗೆ ಸಿಕ್ಕಿಸಿ ಆಡುತ್ತಿದ್ದೆವಲ್ಲ, ಆ ಕಾಲದವು. ಅಂಥಾ ಯಂತ್ರದ ಮೇಲೇ ಚಿತ್ರ ಬಿಡಿಸೋರು ಅವರಿಗೆ ಬೇಕಂತೆ. ಏಪ್ರಿಲ್ ಮುಗಿಯೋದರೊಳಗೆ ಆರು ಚಿತ್ರ ಮಾಡಿ ಫ್ಲಾಪಿಯಲ್ಲಿ ಕೊಡಬೇಕು. ಒಪ್ಪಿದರೆ ಕೆಲಸ, ಜೊತೆಗೆ ಮ್ಯೂಸಿಯಂ ಮೇಲ್ಗಡೆ ಇರೋಕೆ ಒಂದು ರೂಮು. ರೂಮು ಅನ್ನುವಾಗ ಅವಳ ಮುಖ ನೋಡಬೇಕಿತ್ತು. "ಒಳಗಿಂದ ಹಾಕ್ಕೊಳ್ಳೋ ಚಿಲಕ ಇದೆಯಂತೆ ಅಕ್ಕ. ನಾನೇ ಕೇಳಿ ತಿಳ್ಕೊಂಡೆ."

ಈ ಯಂತ್ರಗಳು ನಮಗಿಬ್ಬರಿಗೂ ಚಿಕ್ಕಂದಿನ ಒಡನಾಡಿಗಳು. ಅಪ್ಪ ತಂದುಕೊಟ್ಟಿದ್ದನ್ನ ನಾನು ಬಿಚ್ಚಿ ಬಿಚ್ಚಿ ರಿಪೇರಿ ಕಲಿತೆ, ಇವತ್ತೂ ಅದೇ ನನ್ನ ಕಸುಬು. ಅವಳು ಅದರಲ್ಲೇ ಚುಕ್ಕೆಗೆ ಚುಕ್ಕೆ ಜೋಡಿಸಿ ಹಕ್ಕಿ, ಹಡಗು, ಅಮ್ಮನ ಮೂಗು ಎಲ್ಲ ಬಿಡಿಸ್ತಿದ್ದಳು. ಮದುವೆಯಾದ ಮೇಲೆ ನಿಂತುಹೋಗಿತ್ತು.

ಇವತ್ತು ಎಡಗೈಗೆ ಮೌಸ್ ಕೊಟ್ಟು ಕೂರಿಸಿದೆ. ಗೆರೆ ಎಳೆದರೆ ಕಂಬಳಿಹುಳ ಹರಿದ ಹಾಗೆ ಬರುತ್ತೆ. ಹಿಡೀಬೇಕು, ಒತ್ತಬೇಕು, ಎಳೀಬೇಕು, ಮೇಜಿನ ಅಂಚಿಗೆ ಬಂದರೆ ಎತ್ತಿ ಇಡಬೇಕು, ಎಲ್ಲ ಬಾರದ ಕೈಯಲ್ಲಿ. ಸ್ವಲ್ಪ ಹೊತ್ತಿಗೇ ಅಳು. "ಸರಿಯಾದ ಕೈನೇ ನೋಡಿ ಮುರಿದಿದಾರೆ" ಅಂದಳು.

ಅಳಬೇಡ, ಮೌಸನ್ನ ಅಂಗಾತ ಮಲಗಿಸಿದರೆ ಟ್ರ್ಯಾಕ್‌ಬಾಲ್ ಆಗುತ್ತೆ ಅಂದೆ. ಮೌಸಿನ ಹೊಟ್ಟೆಯಲ್ಲೂ ಚೆಂಡು, ಅದರಲ್ಲೂ ಚೆಂಡು. ಇದರಲ್ಲಿ ಪೆಟ್ಟಿಗೆ ಓಡಾಡುತ್ತೆ, ಅದರಲ್ಲಿ ಪೆಟ್ಟಿಗೆ ಕೂತಲ್ಲೇ ಕೂತಿರುತ್ತೆ, ಅಂಗೈಯಿಂದ ಚೆಂಡು ಉರುಳಿಸಿದರಾಯ್ತು. ನಿನ್ನ ಎಡಗೈಗೆ ಒಂದು ಮಾಡಿಕೊಡ್ತೀನಿ, ಆರಲ್ಲ ಅರವತ್ತು ಚಿತ್ರ ಬಿಡಿಸು ಅಂದೆ.

ಮಾರ್ಚ್ 9

ಮುಚ್ಚಿಹೋದ ಗೇಮ್ ಪಾರ್ಲರಿಗೆ ಹೋಗಿದ್ದೆ. ಆಟದ ಪೆಟ್ಟಿಗೆಗಳೆಲ್ಲ ಧೂಳು ಹಿಡಿದು ಸಾಲಾಗಿ ನಿಂತಿವೆ. ಅದರಲ್ಲಿ ಎರಡಕ್ಕೆ ದೊಡ್ಡ ಟ್ರ್ಯಾಕ್‌ಬಾಲ್. ಒಂದನ್ನ ಬಿಚ್ಚಿಕೋ ಅಂತ ಫೋನಿನಲ್ಲಿ ಹೇಳಿದ್ದ ಯಜಮಾನ, ನಾನು ಬಿಚ್ಚಿ ಮೇಲಿಟ್ಟ ಮೇಲೆ ರಾಗ ತೆಗೆದ. ಹೆಂಗಸರಿಗೆ ಇದೆಲ್ಲ ಯಾಕೆ, ಮನೇಲಿ ಗಂಡಸರಿದ್ದರೆ ಕಳಿಸಿ, ಮಾತಾಡ್ತೀನಿ ಅಂದ. ಅವನ ಕಾಲರ್ ಹಿಡಿದು ಆಟದ ಪೆಟ್ಟಿಗೆಗೆ ಒತ್ತಿದೆ. ತಲೆ ಗಾಜಿಗೆ ತಾಗಿ ಠಣ್ ಅಂತು. ಆಮೇಲೆ ಬಹಳ ಮರ್ಯಾದೆಯಿಂದ ಮಾತಾಡಿದ, ಚೀಲ ಕೂಡ ಕೊಟ್ಟ.

ಚೆಂಡು ಮಾತ್ರ ಏನು ಚೆಂಡು. ದೊಡ್ಡ ಕಿತ್ತಳೆ ಹಣ್ಣಿನ ಗಾತ್ರ, ಅದರ ಮೂರರಷ್ಟು ಭಾರ, ನುಣ್ಣಗೆ, ತಣ್ಣಗೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಡಿಲಲ್ಲೇ ಇಟ್ಕೊಂಡು ಬಂದೆ.

ಮಾರ್ಚ್ 12

ಆಯ್ತು. ಕೊನೆಗೂ ಆಯ್ತು.

ಚೆಂಡಿನ ಕೆಳಗೆ ಎರಡು ಉರುಳೆ, ಒಂದು ಅಡ್ಡಕ್ಕೆ, ಒಂದು ಉದ್ದಕ್ಕೆ. ಪ್ರತಿ ಉರುಳೆಯ ತುದಿಗೂ ಸೀಳು ಸೀಳಾದ ಒಂದು ಬಿಲ್ಲೆ. ಬಿಲ್ಲೆ ತಿರುಗಿದಾಗ ಸೀಳಿನಿಂದ ಬೆಳಕು ಬಂದು ಹೋಗಿ ಬಂದು ಹೋಗಿ ಮಾಡುತ್ತೆ, ಆ ಮಿಣುಕನ್ನೇ ಕಂಪ್ಯೂಟರ್ ಎಣಿಸುತ್ತೆ. ಮೌಸಿನಲ್ಲೂ ಇದೇ ಏರ್ಪಾಟು. ಹಾಗಾಗಿ ಒಂದು ಕೆಟ್ಟ ಮೌಸಿನ ಬಾಲ ಕತ್ತರಿಸಿ, ಅದರ ಎಂಟು ತಂತಿಯನ್ನ ಇದಕ್ಕೆ ಬೆಸುಗೆ ಹಾಕಿದೆ.

ಮೊದಲ ಸಲ ಹಾಕಿದಾಗ ಎಡಕ್ಕೆ ಉರುಳಿಸಿದರೆ ಪರದೆ ಮೇಲಿನ ಬಾಣ ಬಲಕ್ಕೆ ಓಡಿತು. ತಂಗಿ ಬಿದ್ದು ಬಿದ್ದು ನಕ್ಕಳು. "ಇದೂ ನಿನ್ನ ಥರಾನೇ ಅಕ್ಕ, ಹೇಳಿದ್ದಕ್ಕೆ ಉಲ್ಟಾ." ಎರಡು ತಂತಿ ಅದಲು ಬದಲು ಮಾಡಿದೆ, ಸರಿಹೋಯ್ತು. ಬಾಣದ ವೇಗ ಜಾಸ್ತಿ ಆಗಿತ್ತು, ಉರುಳೆಗಳಿಗೆ ರಬ್ಬರ್ ಕೊಳವೆ ತೊಡಿಸಿ ದಪ್ಪ ಮಾಡಿದೆ, ತಗ್ಗಿತು. ಒತ್ತೋ ಗುಂಡಿಗೆ ಕೈ ಎಲ್ಲಿಂದ ತರೋದು ಅಂತ ಯೋಚಿಸ್ತಿದ್ದಾಗ ಕೆಳಗಿನ ಮನೆಯ ದರ್ಜಿ ತನ್ನ ಹಳೇ ಹೊಲಿಗೆ ಮೆಷಿನ್ನಿನ ಪೆಡಲ್ ತಂದುಕೊಟ್ಟ. "ಕಾಲು ಸುಮ್ನೆ ಕೂತಿದೆಯಲ್ಲಮ್ಮ, ಅದಕ್ಕೂ ಕೆಲಸ ಕೊಡಿ" ಅಂದ. ಈಗ ಎಡಗೈಯಲ್ಲಿ ಚೆಂಡು, ಕಾಲಡಿ ಪೆಡಲ್. ಕಾಲು ಒತ್ತಿದರೆ ಗೆರೆ ಮೂಡುತ್ತೆ, ಬಿಟ್ಟರೆ ನಿಲ್ಲುತ್ತೆ.

ಸಂಜೆ ಹೊತ್ತಿಗೆ ಒಂದು ಗೆರೆ ಎಳೆದಳು, ನೆಟ್ಟಗೆ. ಇಬ್ಬರೂ ಅದನ್ನೇ ನೋಡ್ತಾ ಕೂತಿದ್ದೆವು. ನನಗೆ ಅಳು ಬಂತು, ಸುಳ್ಳು ಯಾಕೆ ಹೇಳಲಿ.

ಮಾರ್ಚ್ 15

ಮಹಾನುಭಾವ ಬಂದಿದ್ದ. ಇಸ್ತ್ರಿ ಶರ್ಟು, ಕೈಯಲ್ಲಿ ಹೂವಿನ ಗೊಂಚಲು. ಬಾಗಿಲ ಸಂದಿಯಿಂದ ಮಾತಾಡಿದೆ.

"ಕರ್ಕೊಂಡು ಹೋಗೋಕೆ ಬಂದಿದೀನಿ ಅತ್ತಿಗೆ. ಅವಳಿಗೆ ನಾನೇನು ಕಮ್ಮಿ ಮಾಡಿದೀನಿ ಹೇಳಿ. ಎಲ್ಲಾ ಅವಳ ಒಳ್ಳೇದಕ್ಕೇ ತಾನೆ ಮಾಡಿದ್ದು."

ಹೋಗ್ತೀಯೋ, ಒದೆ ತಿಂದು ಹೋಗ್ತೀಯೋ ಅಂದೆ.

"ಇಲ್ಲೇ ಬಾಗಿಲ ಮುಂದೆ ಕೂರ್ತೀನಿ. ಎಷ್ಟು ದಿನ ಅಂತ ಒಳಗಿರ್ತಾಳೆ" ಅಂದು ಬಾಗಿಲ ಚೌಕಟ್ಟಿಗೆ ಕೈ ಇಟ್ಟ. ನಾನು ಮೈಯ ಭಾರ ಎಲ್ಲ ಹಾಕಿ ಬಾಗಿಲು ದಬ್ಬಿದೆ. ಬೆರಳು ನಾಲ್ಕೂ ಒಳಗಿದ್ದವು. ಅವನು ಕಿರುಚಿದ್ದು ದರ್ಜಿಯ ಮನೆವರೆಗೂ ಕೇಳಿಸಿತಂತೆ. ಸ್ವಲ್ಪ ಹೊತ್ತು ಹಾಗೇ ಒತ್ತಿ ಹಿಡಿದಿದ್ದೆ. ಡ್ರಾಯರ್ ಹೇಗಿರುತ್ತೆ ಅಂತ ಅವನಿಗೂ ಗೊತ್ತಾಗಲಿ.

ಹೋಗುವಾಗ ಮತ್ತೆ ಬರ್ತೀನಿ ಅಂದ. ಬರಲಿ. ಟ್ರ್ಯಾಕ್‌ಬಾಲಿನಿಂದ ಚೆಂಡು ಎತ್ತಿ ನನ್ನ ಉದ್ದನೆ ಉಣ್ಣೆ ಸಾಕ್ಸಿನೊಳಗೆ ಬಿಟ್ಟು ಗಂಟು ಹಾಕಿದೆ. ಮನೇಲಿ ಸುತ್ತಿಗೆ ಇಲ್ಲ ಅಂತಲ್ಲ, ಸುತ್ತಿಗೆ ಹಿಡಿದು ಬಾಗಿಲು ತೆಗೆದರೆ ಪೊಲೀಸರು ಬೇರೆ ಥರ ಬರ್ಕೋತಾರೆ. ಸಾಕ್ಸ್ ಹಿಡಿದಿದ್ದರೆ ಬಟ್ಟೆ ಒಗೀತಿದ್ದಳು ಅಂತಾರೆ.

ತಂಗಿ ಪರದೆಯ ಮುಂದೆ ಹಾಗೇ ಕೂತಿದ್ದಳು. ಚೆಂಡು ತೆಗೆದರೆ ಬಾಣ ನಿಂತಲ್ಲೇ ನಿಲ್ಲುತ್ತೆ. "ಅಕ್ಕ, ಆ ಹಡಗಿನ ಪಟ ಅರ್ಧಕ್ಕೆ ನಿಂತಿದೆ" ಅಂದಳು. ಪಟ ಆಮೇಲೆ, ಮೊದಲು ಪ್ರಾಣ ಅಂದೆ.

ಮಾರ್ಚ್ 16

ಹಿತ್ತಲಲ್ಲಿ ಒಂದು ಸತ್ತ ಮಾನಿಟರಿನ ಪ್ಲಾಸ್ಟಿಕ್ ಚಿಪ್ಪಿತ್ತು. ಸಾಕ್ಸ್ ಬೀಸಿ ನೋಡಿದೆ. ಒಂದೇ ಏಟಿಗೆ ತೂತು. ಕೈ ತುರಿಸ್ತಾ ಇತ್ತು, ಅದು ಚೂರಾಗೋವರೆಗೂ ಹೊಡೆದೆ. ದರ್ಜಿ ಬಂದು "ಏನಮ್ಮಾ ಅದು, ಸತ್ತಿರೋದನ್ನ ಮತ್ತೆ ಸಾಯಿಸ್ತಿದೀರಿ" ಅಂದ. ವ್ಯಾಯಾಮ ಅಂದೆ.

ಕಿಟಕಿಯಿಂದ ತಂಗಿ ನೋಡ್ತಿದ್ದಳು. ಕೈ ಬೀಸಿ ತೋರಿಸಿದೆ, ನೋಡು ಅಂತ. ಕಿಟಕಿ ಮುಚ್ಚಿದಳು.

ಮಾರ್ಚ್ 22

ಎರಡು ಚಿತ್ರ ಮುಗಿದಿವೆ. ಹಡಗು, ಮತ್ತೆ ಬಂಡೆ ಮೇಲೆ ಕೂತ ಹಕ್ಕಿ. ಹಕ್ಕಿಯ ಕಣ್ಣು ಎರಡೇ ಚುಕ್ಕೆ, ಆದರೆ ನಮ್ಮನ್ನೇ ದಿಟ್ಟಿಸುತ್ತೆ.

ಮನೆಗೆ ಒಂದು ಶಿಸ್ತು ಬೇಕು ಅಂತ ತೀರ್ಮಾನ ಮಾಡಿದೆ. ಅವಳ ಫೋನು ನನ್ನ ಹತ್ತಿರ ಇರುತ್ತೆ, ಅವನು ಮಾಡೋ ಫೋನುಗಳಿಗೆ ಅವಳು ಕರಗಿಬಿಟ್ಟರೆ ಕಷ್ಟ. ಬೀದಿ ಕಡೆ ಕಿಟಕಿ ತೆಗೆಯೋ ಹಾಗಿಲ್ಲ. ನಾನು ಹೊರಗೆ ಹೋಗುವಾಗ ಹೊರಗಿಂದ ಬೀಗ. ಬೆಂಕಿ ಗಿಂಕಿ ಬಿದ್ದರೆ ಇರಲಿ ಅಂತ ಇನ್ನೊಂದು ಕೀಲಿ ದರ್ಜಿಗೆ ಕೊಟ್ಟಿದೀನಿ. ಅವನು ಕೀಲಿ ತಿರುಗಿಸಿ ತಿರುಗಿಸಿ ನೋಡಿ "ಹೊರಗಿಂದಾನಾ ಬೀಗ" ಅಂದ. ಮತ್ತೇನು, ಒಳಗಿಂದ ಹಾಕಿದರೆ ಅವನು ಕರೆದಾಗ ತೆಗೆದುಬಿಡ್ತಾಳೆ ಅಂದೆ. ಅವನಿಗೆ ಇದೆಲ್ಲ ಅರ್ಥ ಆಗಲ್ಲ, ಬಟ್ಟೆ ಹೊಲಿಯೋನು.

ಮ್ಯೂಸಿಯಂ ನೋಡ್ಕೊಳ್ಳೋ ಹೆಂಗಸಿಗೂ ಫೋನು ಮಾಡಿ ಹೇಳಿದೆ. ನನ್ನ ತಂಗಿ ಅಲ್ಲಿಗೆ ಬಂದ ಮೇಲೆ ಮನೆಯವರು ಅಂತ ಯಾರೇ ಬಂದು ಕೇಳಲಿ, ಎಷ್ಟೇ ಗೋಗರೆಯಲಿ, ಒಳಗೆ ಬಿಡಬೇಡಿ, ಅವಳಾಗಿ ಹೇಳೋವರೆಗೂ ಇದಾಳೆ ಅಂತಲೂ ಹೇಳಬೇಡಿ. ಆಕೆ ನಿಧಾನಸ್ಥೆ, ಗಟ್ಟಿಗಿತ್ತಿ. "ಮಾತು ಕೊಟ್ಟೆ. ಯಾರೇ ಆದರೂ" ಅಂದಳು. ಮನಸ್ಸಿಗೆ ಸಮಾಧಾನ ಆಯ್ತು.

ಏಪ್ರಿಲ್ 2

ನಾಲ್ಕನೇ ಚಿತ್ರ ಮುಗಿಸಿ, ಊಟ ಮಾಡ್ತಾ, "ಅಲ್ಲಿಗೆ ಹೋದ ಮೇಲೆ ಮೊದಲ ತಿಂಗಳು ನಾನೊಬ್ಬಳೇ ಇರ್ತೀನಿ ಅಕ್ಕ. ನೀನು ಬರಬೇಡ" ಅಂದಳು.

ಒಬ್ಬಳೇ. ಮುರಿದ ಕೈ ಇಟ್ಕೊಂಡು, ಗೊತ್ತಿಲ್ಲದ ಊರಲ್ಲಿ. ಅವಳಿಗೋಸ್ಕರ ನಾನು ರಿಪೇರಿ ಕೆಲಸ ಅರ್ಧಕ್ಕೆ ನಿಲ್ಲಿಸಿ, ಕಣ್ಣಿಗೆ ಎಣ್ಣೆ ಬಿಟ್ಕೊಂಡು ಬಾಗಿಲು ಕಾಯ್ತಿದೀನಿ. ನನ್ನ ಜೊತೆ ಇರೋದು ಅಷ್ಟು ಕಷ್ಟವಾ ಅಂತ ಕೇಳಿದೆ. ತಟ್ಟೆ ನೋಡ್ತಾ ಕೂತಳು. ಆ ಮೌನ ನೋಡಿದರೆ ಯಾರಿಗಾದರೂ ರೇಗುತ್ತೆ. ನನ್ನ ತಟ್ಟೆ ಗೋಡೆಗೆ ಹೋಯ್ತು. ಅವಳ ಮೇಲಲ್ಲ, ಗೋಡೆಗೆ.

ವಿಶ್ರಾಂತಿ ಇಲ್ಲದೆ ತಲೆ ಕೆಟ್ಟಿದೆ ಅವಳಿಗೆ. ಕಂಪ್ಯೂಟರಿಗೆ ಕರೆಂಟು ಕೊಡೋ ಡಬ್ಬಿ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಎಲ್ಲಾ ಅವಳ ಒಳ್ಳೇದಕ್ಕೇ.

ಏಪ್ರಿಲ್ 6

ಇವತ್ತಿನಷ್ಟು ಕೆಟ್ಟ ದಿನ ಈಚೆಗೆ ಬಂದಿಲ್ಲ.

ಸಾಮಾನು ತರೋಕೆ ಹೋಗಿದ್ದೆ. ಬಂದು ಬೀಗ ತೆಗೆದರೆ ಸುಟ್ಟ ವಾಸನೆ. ಕೆಲಸದ ಮೇಜಿನ ಮೇಲೆ ಗಿರಾಕಿಯೊಬ್ಬರ ಬೇರೆ ಕಂಪನಿ ಯಂತ್ರ ಇತ್ತು, ರಿಪೇರಿ ಮುಗಿಸಿ ಇಟ್ಟಿದ್ದೆ. ಡಬ್ಬಿ ನಾನು ಬೀಗದಲ್ಲಿಟ್ಟಿದ್ದಕ್ಕೆ ಈ ಮಹಾತಾಯಿ ಟ್ರ್ಯಾಕ್‌ಬಾಲ್ ಕಿತ್ತು ಅದಕ್ಕೆ ಸಿಕ್ಕಿಸಿದಾಳೆ. ಪ್ಲಗ್ ಕೂರುತ್ತೆ. ಆ ಕಾಲದ ಯಂತ್ರಗಳಿಗೆಲ್ಲ ಒಂಬತ್ತು ತೂತಿನ ಅದೇ ಪ್ಲಗ್. ಆದರೆ ಕರೆಂಟು ಬರೋ ತೂತು ಒಂದೊಂದು ಕಂಪನಿಗೆ ಒಂದೊಂದು ಕಡೆ. ಕೂತಿತಲ್ಲ ಅಂತ ಪೆಡಲ್ ಒತ್ತಿದಾಳೆ, ಐದು ವೋಲ್ಟೂ ನೇರ ಅರ್ಥಿಂಗ್ ತಂತಿಗೆ ಹೋಗಿದೆ, ಒಳಗಿನ ಚಿಪ್ ಢಮಾರ್. ಆ ಚಿಪ್ ಈಗ ಯಾರೂ ಮಾಡಲ್ಲ.

"ನನಗೆ ಟೈಮ್ ಇಲ್ಲ ಅಕ್ಕ, ಇನ್ನೂ ಎರಡು ಚಿತ್ರ ಇದೆ, ನೀನು ಡಬ್ಬಿ ಕೊಡಲಿಲ್ಲ" ಅಂದಳು. ತಪ್ಪು ಮಾಡಿ ನನಗೇ ಎದುರು ಮಾತು. ಕೈ ಹಿಡಿದೆ. ಯಾವ ಕೈ ಅಂತ ನೋಡೋಷ್ಟು ತಾಳ್ಮೆ ನನಗಿರಲಿಲ್ಲ. ಹಿಡಿದು ಅಲ್ಲಾಡಿಸಿದೆ, ಅವಳ ಮೊಣಕೈ ಮೇಜಿನ ಅಂಚಿಗೆ ಬಡಿದಿರಬೇಕು. ಕಿರುಚಲಿಲ್ಲ. ತುಟಿ ಕಚ್ಚಿಕೊಂಡು ನಿಂತಿದ್ದಳು, ಅದಕ್ಕೆ ನೋವಾಗಿದೆ ಅಂತ ನನಗೂ ಗೊತ್ತಾಗಲಿಲ್ಲ. ಕಿರುಚಿದ್ದರೆ ಆಗಲೇ ಬಿಡ್ತಿದ್ದೆ.

ಬಿಟ್ಟ ಮೇಲೆ, "ಅವರೂ ಆಮೇಲೆ ಹೀಗೇ ನನ್ನ ಮುಖ ನೋಡ್ತಾರೆ ಅಕ್ಕ" ಅಂದಳು. ಎಂಥಾ ಮಾತು. ಅವನನ್ನ, ನನ್ನನ್ನ, ಒಂದೇ ತಕ್ಕಡೀಲಿ.

ಏಪ್ರಿಲ್ 7

ಮೊಣಕೈ ಊದಿತ್ತು, ಮೂಳೆ ಡಾಕ್ಟ್ರಮ್ಮನ ಹತ್ತಿರ ಕರ್ಕೊಂಡು ಹೋದೆ. ಪ್ಲಾಸ್ಟರಿನಲ್ಲೂ ಬಿರುಕು ಬಿಟ್ಟಿತ್ತು, ಹೊಸದು ಹಾಕಿದರು. ಡಾಕ್ಟ್ರಮ್ಮ ಮೊಣಕೈ ಮೇಲಿನ ಬೆರಳಿನ ಗುರುತು ನೋಡಿ ಇದೇನಾಯ್ತು ಅಂದರು. ನಾನು ಪಕ್ಕದಲ್ಲೇ ನಿಂತಿದ್ದೆ.

"ಮೆಟ್ಟಿಲಲ್ಲಿ ಜಾರಿದೆ" ಅಂದಳು ತಂಗಿ.

ಜಾಣೆ. ಮನೆ ವಿಷಯ ಎಲ್ಲಾ ಡಾಕ್ಟ್ರಿಗೆ ಯಾಕೆ.

ಏಪ್ರಿಲ್ 14

ಡಬ್ಬಿ ವಾಪಸ್ ಕೊಟ್ಟಿದೀನಿ, ನನಗೇನು ದ್ವೇಷವಾ. ಅವಳೂ ಬದಲಾಗಿದಾಳೆ. ಎದುರು ಮಾತಿಲ್ಲ. ನೀರು ಕುಡೀಲಾ ಅಕ್ಕ, ದೀಪ ಹಾಕ್ಲಾ ಅಕ್ಕ, ಎಲ್ಲಾ ಕೇಳಿಯೇ ಮಾಡ್ತಾಳೆ. ಮನೆ ಎಷ್ಟು ತಣ್ಣಗಿದೆ ಅಂದರೆ ಚೆಂಡು ಉರುಳೋ ಸದ್ದು ಅಡುಗೆಮನೆಗೂ ಕೇಳಿಸುತ್ತೆ.

ಮಧ್ಯೆ ಮಧ್ಯೆ ಬಾಗಿಲ ಕಡೆ ಸದ್ದಾದರೆ ನಾನು ಹೋಗಿ ಚೆಂಡು ಎತ್ತಿಕೊಳ್ತೀನಿ, ಅದು ಬೆಕ್ಕೋ ಪೇಪರಿನವನೋ ಆಗಿರುತ್ತೆ. ಆಗೆಲ್ಲ ಅವಳು ಎಡಗೈ ಮಡಿಲಲ್ಲಿಟ್ಟು ಸುಮ್ಮನೆ ಕಾಯ್ತಾಳೆ. ಮೊದಲಿನ ಹಾಗೆ ಪಟ ಅರ್ಧಕ್ಕೆ ನಿಂತಿದೆ ಅಂತ ರಗಳೆ ಇಲ್ಲ. ನಿನ್ನೆ ಮಾತ್ರ ಒಂದು ಸಲ ಕೇಳಿದಳು: "ಅಕ್ಕ, ಅದು ನನಗೆ ಅಂತ ಮಾಡಿದ್ದಲ್ವಾ?"

ನಿನಗೇ ಕಣೇ, ಎಲ್ಲಾ ನಿನಗೇ ಅಂದೆ.

ಏಪ್ರಿಲ್ 19

ಬಂದ. ಮಧ್ಯಾಹ್ನ. ಪೇಪರಿನವನು ದುಡ್ಡಿಗೆ ಬಂದಿರಬೇಕು ಅಂತ ಸರಪಳಿ ಹಾಕಿಯೇ ತೆಗೆದೆ, ಒಂದೇ ಒದೆತಕ್ಕೆ ಸರಪಳಿ ಕಿತ್ತುಬಂತು, ಬಾಗಿಲು ನನ್ನ ಹಣೆಗೆ ಬಡೀತು. ನಾನು ಏಳೋದರೊಳಗೆ ಅವನು ನೇರ ಒಳಗೆ ಹೋಗಿ ಅವಳ ಜಡೆ ಹಿಡಿದು ಕುರ್ಚಿಯಿಂದ ಎಳೆದಿದ್ದ. ಬೆರಳಿಗೆ ಇನ್ನೂ ಪಟ್ಟಿ ಸುತ್ತಿತ್ತು. "ಆಟ ಆಡ್ತೀಯಾ, ಇಲ್ಲಿ ಕೂತು ಆಟ ಆಡ್ತೀಯಾ" ಅಂತ ಅವಳ ತಲೆಯನ್ನ ಮೇಜಿಗೆ ಗುದ್ದಿದ. ಪರದೆ ಮೇಲೆ ಆರನೇ ಚಿತ್ರ ಇತ್ತು.

ನಾನು ಹೋಗಿ ಚೆಂಡು ಎತ್ತಿದೆ. ಸಾಕ್ಸ್ ಜೇಬಿನಲ್ಲೇ ಇರುತ್ತೆ. ಮೊದಲ ಏಟು ಹೆಗಲಿಗೆ, ಒಳಗೆ ಏನೋ ಲಟ್ ಅಂತು. ತಿರುಗಿದ. ಎರಡನೇದು ದವಡೆಗೆ. ಬಾಯಿಂದ ರಕ್ತ, ಹಲ್ಲು ಎರಡೂ ಒಟ್ಟಿಗೇ ಬಂದವು, ಗೋಡೆವರೆಗೂ ಚಿಮ್ಮಿತು. ಬಿದ್ದ. ಬಿದ್ದ ಮೇಲೆ ಮಂಡಿಗೆ ಹೊಡೆದೆ. ಆಮೇಲೆ ಬಲಗೈ ಹುಡುಕಿದೆ, ಮೈಯಡಿ ಮುಚ್ಚಿಟ್ಕೊಂಡಿದ್ದ, ಎಳೆದು ನೆಲಕ್ಕೆ ಒತ್ತಿ ಕಾಲಿನಿಂದ ತುಳಿದು ಹಿಡಿದು ಮಣಿಕಟ್ಟಿಗೇ ಹೊಡೆದೆ. ಒಂದು ಸಲಕ್ಕೆ ಸಮಾಧಾನ ಆಗಲಿಲ್ಲ.

"ಸಾಕು" ಅಂತಿದ್ದ ಅವನು. "ಸಾಕು ಅಕ್ಕ" ಅಂತ ಇವಳೂ ಹಿಂದೆ ಎಲ್ಲೋ ಹೇಳ್ತಿದ್ದಳು. ಸಾಕು ಅನ್ನೋದು ನನಗೆ ಗೊತ್ತಾಗಲ್ವಾ. ನನಗೆ ಸಾಕು ಅನ್ನಿಸಿದಾಗ ನಿಲ್ಲಿಸಿದೆ. ದರ್ಜಿ ಬಂದು ಅವನನ್ನ ಹೊರಗೆ ಎಳ್ಕೊಂಡು ಹೋದ.

ಬರೆಯೋಕೆ ನಾಚಿಕೆ ಇಲ್ಲ, ಹಾಯ್ ಅನ್ನಿಸ್ತು. ತಿಂಗಳುಗಟ್ಟಲೆ ಕಟ್ಟಿಕೊಂಡಿದ್ದ ಮೂಗು ಬಿಟ್ಟ ಹಾಗೆ. ಅವಳನ್ನ ತಬ್ಬಿಕೊಳ್ಳೋಣ ಅಂತ ತಿರುಗಿದೆ. ಮೂಲೆಯಲ್ಲಿ ಕೂತಿದ್ದಳು. ಎರಡು ಹೆಜ್ಜೆ ಇಟ್ಟೆ, ಅವಳ ಪ್ಲಾಸ್ಟರ್ ಕೈ ಮೇಲೆದ್ದು ಮುಖಕ್ಕೆ ಅಡ್ಡ ಬಂತು. ಅವನು ಅಲ್ಲಿ ಇಲ್ಲವೇ ಇಲ್ಲ, ಆದರೂ ಇನ್ನೂ ಅವನ ಭಯ. ಪಾಪ.

ಸಾಕ್ಸ್ ಜೋಡಿ ತೊಳೆದು ಒಣಗಿಹಾಕಿದೆ. ಚೆಂಡು ಒರೆಸಿ ಅವಳ ಟ್ರ್ಯಾಕ್‌ಬಾಲಿಗೆ ಹಾಕಿಟ್ಟೆ. ಉರುಳೆಗೆ ಸ್ವಲ್ಪ ರಕ್ತ ಅಂಟಿತು, ಸ್ಪಿರಿಟ್ ಹಾಕಿ ತೆಗೆದೆ.

ಏಪ್ರಿಲ್ 20

ಆಸ್ಪತ್ರೆಯವರು ತಿಳಿಸಿ ಪೊಲೀಸರು ಬಂದಿದ್ದರು. ಆಸ್ಪತ್ರೇಲಿ ಅವನು ಮೆಟ್ಟಿಲಿಂದ ಬಿದ್ದೆ ಅಂದನಂತೆ. ಡ್ರಾಯರಿನ ವಿಷಯ ಹೊರಗೆ ಬರುತ್ತೆ ಅಂತ ಹೆದರಿಕೆ. ಹಾಗಂದ ಮೇಲೆ ನಾವೇನು ಮಾಡೋದಮ್ಮ ಅಂತ ಹೋದರು. ಇನ್ನು ಅವನು ಈ ಕಡೆ ತಲೆ ಹಾಕಿಯೂ ಮಲಗಲ್ಲ.

"ಇನ್ನು ಭಯ ಇಲ್ಲ ಕಣೇ" ಅಂದೆ ತಂಗಿಗೆ.

"ಹಾಗಾದರೆ ಬೀಗ ಬೇಡ ಅಲ್ವಾ ಅಕ್ಕ?" ಅಂದಳು.

ಕೆಲವು ದಿನ ಇರಲಿ ಅಂದೆ.

ಏಪ್ರಿಲ್ 24

ಇಲ್ಲ. ಮನೇಲಿಲ್ಲ.

ಬೆಸುಗೆ ತಂತಿ ತರೋಕೆ ಹೋಗಿದ್ದೆ, ಅಷ್ಟೇ. ಬರೋ ಹೊತ್ತಿಗೆ ಬಾಗಿಲು ಬರೀ ಒರಗಿಸಿತ್ತು. ಬಟ್ಟೆ ಇಲ್ಲ, ಆರು ಚಿತ್ರದ ಫ್ಲಾಪಿ ಇಲ್ಲ. ಮೊದಲು ಅವನೇ ಎತ್ತಾಕ್ಕೊಂಡು ಹೋದ ಅಂದ್ಕೊಂಡೆ. ಕೆಳಗೆ ಓಡಿದೆ. ದರ್ಜಿ ಹೊಲಿಗೆ ನಿಲ್ಲಿಸಿ, ನನ್ನ ಕೀಲಿ ತೆಗೆದು ಮೇಜಿನ ಮೇಲಿಟ್ಟ.

"ಬಾಗಿಲು ತಟ್ಟಿ ಕರೆದಳು. ಬೆಂಕಿ ಬಿದ್ದರೆ ತೆಗೀರಿ ಅಂತ ಕೊಟ್ಟಿದ್ದಿರಲ್ಲಮ್ಮ. ತೆಗೆದೆ."

ಎಲ್ಲಿಗೆ ಹೋದಳು?

"ನಾನು ಕೇಳಲಿಲ್ಲ. ಕೇಳಿದ್ದಿದ್ದರೆ ಈಗ ನಿಮಗೆ ಹೇಳ್ಬೇಕಾಗ್ತಿತ್ತು."

ಅವನ ಇಸ್ತ್ರಿಪೆಟ್ಟಿಗೆ ಎತ್ತಿ ಅಳತೆ ಕನ್ನಡಿಗೆ ಎಸೆದೆ. ಕನ್ನಡಿ ಮೇಲಿಂದ ಕೆಳಗೆ ಸುರಿದುಹೋಯ್ತು. ದಾರದ ಉಂಡೆಗಳ ಕಪಾಟು ಉರುಳಿಸಿದೆ. ಅವನು ಗೋಡೆಗೆ ಒತ್ತಿಕೊಂಡು ನಿಂತ. ಕೃತಘ್ನ. ಆ ಪೆಡಲ್ ಅವನಿಗೆ ವಾಪಸ್ ಕೊಡಲ್ಲ.

ಮೇಲೆ ಬಂದು ನೋಡಿದರೆ, ಟ್ರ್ಯಾಕ್‌ಬಾಲ್ ಮೇಜಿನ ಮೇಲೇ ಇದೆ. ಚೆಂಡು ಇಲ್ಲ. ಗೂಡು ಖಾಲಿ, ಒಳಗೆ ಎರಡು ಉರುಳೆ ಕಾಣ್ತಿವೆ. ಹುಚ್ಚಿ, ಪೆಟ್ಟಿಗೆ ಇಲ್ಲೇ ಬಿಟ್ಟು ಬರೀ ಚೆಂಡು ತಗೊಂಡು ಹೋಗಿದಾಳೆ. ಅದೊಂದನ್ನ ಇಟ್ಕೊಂಡು ಅವಳು ಏನು ಬಿಡಿಸ್ತಾಳೆ. ಒಣಗಿಹಾಕಿದ್ದ ಸಾಕ್ಸೂ ಒಂದೇ ಉಳಿದಿದೆ.

ಏಪ್ರಿಲ್ 25

ಮ್ಯೂಸಿಯಂಗೆ ಫೋನು ಮಾಡಿದೆ. ನಾನು ಅವಳ ಅಕ್ಕ, ಅವಳು ಅಲ್ಲಿದಾಳಾ ಅಂತ ಕೇಳಿದೆ.

"ಮನೆಯವರು ಯಾರೇ ಕೇಳಿದರೂ ಹೇಳಬಾರದು ಅಂತ ಮಾತು ಕೊಟ್ಟಿದೀನಿ" ಅಂದಳು ಆಕೆ.

ಆ ಮಾತು ತಗೊಂಡಿದ್ದೇ ನಾನು ಕಣಮ್ಮ, ನಾನು ಹೇಳಿದ್ದು ಅವನಿಗೆ ಅಂದೆ.

"ಗೊತ್ತು. 'ಯಾರೇ ಬಂದು ಕೇಳಲಿ' ಅಂತ ನೀವೇ ಅಂದಿದ್ರಿ" ಅಂದಳು. ಫೋನಿಟ್ಟಳು. ಮತ್ತೆ ಮಾಡಿದೆ, ಎತ್ತಲಿಲ್ಲ. ಎತ್ತಲಿಲ್ಲ ಅಂದರೆ ಏನರ್ಥ, ತಂಗಿ ಅಲ್ಲೇ ಇದಾಳೆ. ಮೇಲ್ಗಡೆ ರೂಮಿನಲ್ಲಿ, ಒಳಗಿಂದ ಚಿಲಕ ಹಾಕ್ಕೊಂಡು.

ನಾಳೆ ಬೆಳಗಿನ ಬಸ್ಸಿಗೆ ಹೊರಡ್ತೀನಿ. ಬಾಗಿಲ ಮುಂದೆ ಕೂತರೆ ಎಷ್ಟು ದಿನ ಅಂತ ಒಳಗಿರ್ತಾಳೆ. ಒಂದು ಸಲ ನನ್ನ ಮುಖ ನೋಡಿದರೆ ಅವಳ ಕೋಪ ಇಳಿಯುತ್ತೆ. ಅವಳಿಗೆ ನಾನೇನು ಕಮ್ಮಿ ಮಾಡಿದೀನಿ.

ಟ್ರ್ಯಾಕ್‌ಬಾಲ್ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದೆ, ಅವಳ ಎಡಗೈಗೆ ಬೇಕಲ್ಲ. ಅವಳ ಹತ್ತಿರ ಇರೋ ಚೆಂಡು ಅಷ್ಟು ಏಟು ಕೊಟ್ಟು ಸೀಳು ಬಿಟ್ಟಿರಬಹುದು ಅಂತ ಗೇಮ್ ಪಾರ್ಲರಿಗೆ ಹೋಗಿ ಇನ್ನೊಂದು ಪೆಟ್ಟಿಗೆಯದನ್ನೂ ಬಿಚ್ಚಿಸಿಕೊಂಡು ಬಂದೆ. ಯಜಮಾನ ಈ ಸಲ ಉಸಿರೆತ್ತಲಿಲ್ಲ. ಹೊಸ ಚೆಂಡು ಅದಕ್ಕಿಂತ ಚೆನ್ನಾಗಿದೆ, ಒಂದು ಗೀರಿಲ್ಲ. ದಾರೀಲಿ ಗೀರು ಬೀಳಬಾರದು ಅಂತ, ಉಳಿದಿದ್ದ ಆ ಒಂದು ಸಾಕ್ಸಿನೊಳಗೆ ಹಾಕಿ ಗಂಟು ಕಟ್ಟಿದೀನಿ.